ಮೂರು ವರ್ಷ ಬಳಸಿದ ಮೇಲೆ: ಅಕ್ಷರ ಕೊಟ್ಟರೆ ಇಂಗ್ಲಿಷ್ ಪದ ಹುಡುಕಿಕೊಡುವ ಆ್ಯಪ್

ಕೈಯಲ್ಲಿರುವ ಅಕ್ಷರಗಳಿಂದ ಯಾವ ಯಾವ ಇಂಗ್ಲಿಷ್ ಪದಗಳಾಗುತ್ತವೆ ಎಂದು ಹುಡುಕಿಕೊಡುವ ಆ್ಯಪ್ ಒಂದನ್ನು ಮೂರು ವರ್ಷಗಳಿಂದ ಹೆಚ್ಚುಕಡಿಮೆ ದಿನವೂ ಬಳಸುತ್ತಿದ್ದೇನೆ. ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಅಭ್ಯಾಸಕ್ಕೆಂದು ಇಳಿಸಿಕೊಂಡದ್ದು ಸ್ಪೆಲಿಂಗ್ ಕಲಿಕೆಗೂ ಒದಗಿಬಂತು. ಆದರೆ ಪ್ರಶ್ನೆಯನ್ನು ಸರಿಯಾಗಿ ಕೇಳದಿದ್ದರೆ ಇದು ಕೊಡುವ ಉದ್ದನೆಯ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ ಎಂಬುದು ಮನದಟ್ಟಾಗಲು ನನಗೆ ಆರು ತಿಂಗಳು ಹಿಡಿಯಿತು.

‘ಈ ಅಕ್ಷರಗಳಿರುವ ಪದ’ ಎಂಬ ಮಾತಿಗೆ ಮೂರು ಅರ್ಥಗಳಿವೆ. ಎ, ಸಿ, ಟಿ ಎಂಬ ಮೂರು ಅಕ್ಷರಗಳನ್ನೇ ತೆಗೆದುಕೊಳ್ಳೋಣ. ಇವನ್ನಷ್ಟೇ ಬಳಸಬೇಕೆಂದರೆ ‘ಕ್ಯಾಟ್’, ‘ಆ್ಯಕ್ಟ್’ ಸಿಗುತ್ತವೆ. ಇವು ಎಲ್ಲಿಯಾದರೂ ಇರಲಿ, ಜೊತೆಗೆ ಬೇರೆಯವೂ ಬರಲಿ ಎಂದರೆ ‘ಟೀಚರ್’ ಕೂಡ ಬರುತ್ತದೆ. ಎ ಆದ ಮೇಲೆ ಸಿ, ಸಿ ಆದ ಮೇಲೆ ಟಿ ಹೀಗೆ ಒತ್ತೊತ್ತಾಗಿಯೇ ಇರಬೇಕೆಂದರೆ ‘ಟೀಚರ್’ ಬಿದ್ದುಹೋಗಿ ‘ಫ್ಯಾಕ್ಟರಿ’ಯಂಥವು ಉಳಿಯುತ್ತವೆ. ಈ ಆ್ಯಪ್‌ನಲ್ಲಿ ಮೂರೂ ಬಗೆಯ ಹುಡುಕಾಟಗಳಿವೆ. ಆದರೆ ಅವುಗಳ ಹೆಸರು ಎಷ್ಟು ಅಸ್ಪಷ್ಟವೆಂದರೆ, ಹೊಸಬರು ಒಂದನ್ನು ಕೇಳಿ ಇನ್ನೊಂದರ ಉತ್ತರ ಪಡೆದು, ಪದವೇ ಇಲ್ಲವೆಂದು ತೀರ್ಮಾನಿಸುವ ಸಾಧ್ಯತೆ ದೊಡ್ಡದು.

ನನಗೆ ಅತಿ ಹೆಚ್ಚು ಲಾಭವಾದದ್ದು ಮೊದಲ ಬಗೆಯಿಂದ. ಸ್ಕ್ರ್ಯಾಬಲ್‌ನಲ್ಲಿ ಒಮ್ಮೆಗೆ ಕೈಯಲ್ಲಿರುವುದು ಏಳು ಬಿಲ್ಲೆಗಳು. ಏಳನ್ನೂ ಒಂದೇ ಸಲ ಹೂಡಿದರೆ 50 ಅಂಕ ಹೆಚ್ಚುವರಿ. ಎ, ಇ, ಐ, ಎನ್, ಆರ್, ಎಸ್, ಟಿ ಬಂದಿವೆ ಎಂದುಕೊಳ್ಳಿ. ಏಳು ಬೇರೆ ಬೇರೆ ಅಕ್ಷರಗಳನ್ನು 5040 ರೀತಿಯಲ್ಲಿ ಜೋಡಿಸಬಹುದು; ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸುವ ಅಗತ್ಯವಿಲ್ಲ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಮೊದಲೇ ವರ್ಣಮಾಲೆಯ ಕ್ರಮಕ್ಕೆ ತಂದಿಟ್ಟುಕೊಂಡರೆ, ಒಂದೇ ಅಕ್ಷರಗಳಿಂದಾದ ಪದಗಳೆಲ್ಲ ತಾವಾಗಿಯೇ ಒಂದು ಕಟ್ಟಿನಲ್ಲಿ ಸೇರುತ್ತವೆ. ಆ ಕ್ರಮಬದ್ಧ ಸಾಲನ್ನು ಆಟಗಾರರು ಆಲ್ಫಾಗ್ರಾಮ್ ಎನ್ನುತ್ತಾರೆ. ಮೇಲಿನ ಏಳು ಅಕ್ಷರಗಳ ಕಟ್ಟನ್ನು ಬಿಚ್ಚಿದಾಗ ‘ರಿಟೇನ್ಸ್’, ‘ರೆಟಿನಾಸ್’, ‘ನ್ಯಾಸ್ಟಿಯರ್’, ‘ಸ್ಟೇನರ್’, ‘ಆ್ಯಂಟ್ಸಿಯರ್’ ಒಟ್ಟಿಗೆ ಹೊರಬಂದದ್ದನ್ನು ಮೊದಲ ಸಲ ನೋಡಿದ ದಿನ ನಾನು ಬಹಳ ಹೊತ್ತು ಆ ಪರದೆಯನ್ನೇ ನೋಡುತ್ತ ಕುಳಿತಿದ್ದೆ. ಕಿವಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಪದಗಳು ಅಕ್ಷರದ ಲೆಕ್ಕದಲ್ಲಿ ಒಡಹುಟ್ಟಿದವು. ಈಗ ಏಳು ಬಿಲ್ಲೆಗಳು ಕೈಗೆ ಬಂದೊಡನೆ ಅವನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಕೊಳ್ಳುವುದು ನನಗೇ ರೂಢಿಯಾಗಿದೆ.

ಬರೆದಂತೆ ಓದುವ ಕನ್ನಡದಲ್ಲಿ ಬೆಳೆದವರಿಗೆ ಇಂಗ್ಲಿಷಿನ ಮೂಕ ಅಕ್ಷರಗಳು ಕೊಡುವ ತೊಂದರೆ ಅಷ್ಟಿಷ್ಟಲ್ಲ. ಎಂ ಮತ್ತು ಎನ್ ಜೋಡಿಯಾಗಿ ಕೊನೆಗೊಳ್ಳುವ ಪದಗಳನ್ನು ಒಮ್ಮೆ ಕೇಳಿದೆ. ‘ಆಟಮ್’, ‘ಕಾಲಮ್’, ‘ಹಿಮ್’, ‘ಸಾಲೆಮ್’, ‘ಕಂಡೆಮ್’ ಬಂದವು. ಒಂದರಲ್ಲಿಯೂ ಕೊನೆಯ ಎನ್ ಬಾಯಿಗೆ ಬರುವುದಿಲ್ಲ. ಆದರೆ ಅದೇ ಜೋಡಿಯನ್ನು ಪದದ ನಡುವೆ ಹುಡುಕಿದಾಗ ‘ಆಟಮ್ನಲ್’, ‘ಕಂಡೆಮ್ನೇಷನ್’ ಸಿಕ್ಕವು, ಅಲ್ಲಿ ಎನ್ ಸ್ಪಷ್ಟವಾಗಿ ಕೇಳಿಸುತ್ತದೆ. ಆ ಅಕ್ಷರ ಅಲ್ಲಿ ಏಕಿದೆ ಎಂಬುದು ಅಂದಿನಿಂದ ನೆನಪಿನಲ್ಲಿ ಉಳಿದಿದೆ. ಕಿವಿಯನ್ನು ನಂಬಿ ಸ್ಪೆಲಿಂಗ್ ಬರೆಯುವ ವಿದ್ಯಾರ್ಥಿಗಳಿಗೆ ಈ ಒಂದು ಬಳಕೆಗಾಗಿಯೇ ನಾನು ಇದನ್ನು ಹೇಳುತ್ತೇನೆ.

ಕೊರತೆಗಳಲ್ಲಿ ದೊಡ್ಡದು ಪದಪಟ್ಟಿಯದು. ಇಂಗ್ಲಿಷ್ ಸ್ಕ್ರ್ಯಾಬಲ್‌ಗೆ ಒಂದೇ ಪಟ್ಟಿಯಿಲ್ಲ: ಅಮೆರಿಕ ಮತ್ತು ಕೆನಡಾದ ಟೂರ್ನಿಗಳಲ್ಲಿ ಮುಖ್ಯವಾಗಿ ಅಲ್ಲಿನ ಆಟಗಾರರ ಸಂಘವಾದ ನಾಸ್ಪಾದ ಪಟ್ಟಿ, ಉಳಿದ ಹೆಚ್ಚಿನ ಕಡೆ ಕಾಲಿನ್ಸ್ ನಿಘಂಟಿನ ಪಟ್ಟಿ. ಎರಡಕ್ಷರದ ಪದಗಳನ್ನಷ್ಟೇ ಎಣಿಸಿದರೂ 2018ರ ನಾಸ್ಪಾ ಪಟ್ಟಿಯಲ್ಲಿ 107, 2019ರ ಕಾಲಿನ್ಸ್‌ನಲ್ಲಿ 127 ಇವೆ. ಈ ಆ್ಯಪ್ ತಾನಾಗಿ ತೆರೆಯುವುದು ಕಾಲಿನ್ಸ್ ಪಟ್ಟಿಯನ್ನು, ಅದನ್ನು ಪರದೆಯ ಮೇಲೆ ಎಲ್ಲಿಯೂ ಹೇಳುವುದಿಲ್ಲ. ಇದರಿಂದ ಕಲಿತ ಝಡ್-ಓ ಎಂಬ ಎರಡಕ್ಷರದ ಪದವನ್ನು, ನಾಸ್ಪಾ ಪಟ್ಟಿಯಂತೆ ನಡೆಯುತ್ತಿದ್ದ ಆಟವೊಂದರಲ್ಲಿ ಪೂರ್ತಿ ಭರವಸೆಯಿಂದ ಹೂಡಿದೆ. ಪದ ಅಮಾನ್ಯವಾಯಿತು, ಸರದಿಯೂ ಹೋಯಿತು. ಆಮೇಲೆ ಸೆಟ್ಟಿಂಗ್ಸ್‌ನ ಮೂರನೆಯ ಪುಟದಲ್ಲಿ ಪಟ್ಟಿ ಬದಲಿಸುವ ಅವಕಾಶ ಇರುವುದನ್ನು ಕಂಡೆ. ಯಾಕ್ ಮತ್ತು ಹಸುವಿನ ಮಿಶ್ರತಳಿಗೆ ಆ ಹೆಸರೆಂಬುದನ್ನೂ ಬೇರೆ ನಿಘಂಟಿನಿಂದಲೇ ತಿಳಿಯಬೇಕಾಯಿತು, ಏಕೆಂದರೆ ಈ ಆ್ಯಪ್ ಅರ್ಥ ಕೊಡುವುದಿಲ್ಲ. ಅರ್ಥವಿಲ್ಲದೆ ಬಾಯಿಪಾಠ ಮಾಡಿದ ಪದ ನನ್ನಲ್ಲಿ ಒಂದು ವಾರವೂ ನಿಲ್ಲುವುದಿಲ್ಲ.

ಇನ್ನೊಂದು ದೋಷ, ಎರಡನೆಯ ಬಗೆಯ ಹುಡುಕಾಟದಲ್ಲಿ ಪುನರಾವರ್ತನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ಎರಡು ಝಡ್ ಬರೆದು ಹುಡುಕಿದರೆ ‘ಪಜಲ್’, ‘ಬಜರ್’ನಂಥವು ಮಾತ್ರ ಬರಬೇಕು. ಒಂದೇ ಝಡ್ ಇರುವ ‘ಜೀಬ್ರಾ’ವೂ ಬಂದು ಕೂರುತ್ತದೆ. ಎರಡು ಸಲ ಬರೆದು ತಿಳಿಸಿದರೂ ಇಂದಿಗೂ ಹಾಗೆಯೇ ಇದೆ.

ಯಾವ ಅಕ್ಷರವಾಗಿಯಾದರೂ ಬಳಸಬಹುದಾದ ಖಾಲಿ ಬಿಲ್ಲೆಯ ಬದಲು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ 26 ಅಕ್ಷರಗಳನ್ನೂ ಅಲ್ಲಿಟ್ಟು ನೋಡುತ್ತದೆ, ಅದು ಚೆನ್ನಾಗಿದೆ. ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಐದಕ್ಷರದ ಪದವನ್ನು ಊಹಿಸುವ ವರ್ಡಲ್ ಆಡುವವರಿಗೆ, ಇಂಥ ಅಕ್ಷರ ಇದೆ ಆದರೆ ಎರಡನೆಯ ಮನೆಯಲ್ಲಿಲ್ಲ ಎಂದು ಹೇಳುವ ಅನುಕೂಲವೂ ಉಂಟು. ಆದರೆ ಆಟ ನಡೆಯುತ್ತಿರುವಾಗ ಇದನ್ನು ತೆರೆಯುವುದು ಎದುರಾಳಿಗೆ ಮಾಡುವ ಮೋಸ. ನಾನು ತೆರೆಯುವುದು ಆಟ ಮುಗಿದ ಮೇಲೆ, ಕೈತಪ್ಪಿದ ಪದ ಯಾವುದೆಂದು ತಿಳಿಯಲು.

ಹುಡುಕಿದ್ದನ್ನು ಉಳಿಸಿಡುವ ವ್ಯವಸ್ಥೆ ಇದರಲ್ಲಿಲ್ಲವಾದ್ದರಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಎಡಗಡೆ ಆಲ್ಫಾಗ್ರಾಮ್, ಬಲಗಡೆ ಪದಗಳು, ಪ್ರತಿ ಪದದ ಕೆಳಗೆ ಒಂದು ಸಾಲಿನಲ್ಲಿ ಕನ್ನಡದ ಅರ್ಥ. ಬಲಗಡೆಯನ್ನು ಕೈಯಿಂದ ಮುಚ್ಚಿಕೊಂಡು ದಿನಕ್ಕೆ ಹತ್ತು ಸಾಲು ಹೇಳಿಕೊಳ್ಳುತ್ತೇನೆ.