ಗಾಳಿ ಬಿಡೋದಕ್ಕೆ ಕೊಂಡ ಗಾಳಿ ಪಂಪು: ಮೂರು ವರ್ಷದ ಬಳಕೆಯ ನಂತರ

ಇದು ಹನ್ನೆರಡು ವೋಲ್ಟಿನ ಪುಟ್ಟ ಟೈರ್ ಇನ್‌ಫ್ಲೇಟರ್. ಕಾರಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸಿದರೆ ಟೈರಿಗೆ ಗಾಳಿ ಹೊಡೆಯುತ್ತೆ, ನಾವು ಹೇಳಿದ ಅಂಕಿಗೆ ತಾನೇ ನಿಲ್ಲುತ್ತೆ. 2022ರ ಸೆಪ್ಟೆಂಬರಿನಲ್ಲಿ 2,350 ರೂಪಾಯಿ ಕೊಟ್ಟು ಕೊಲ್ಹಾಪುರದ ಒಂದು ಆಟೊ ಸ್ಪೇರ್ಸ್ ಅಂಗಡಿಯಲ್ಲಿ ಕೊಂಡಿದ್ದು. ಬ್ರಾಂಡಿನ ಹೆಸರು ಬರೆಯೋದಿಲ್ಲ. ಇಂಥದೇ ಡಬ್ಬಿಗಳು ಹತ್ತಾರು ಹೆಸರಿನಲ್ಲಿ ಸಿಗುತ್ತವೆ, ನಾನು ಹೇಳೋದು ಹೆಚ್ಚುಕಮ್ಮಿ ಎಲ್ಲಕ್ಕೂ ಅನ್ವಯಿಸುತ್ತೆ.

ಐದಕ್ಕೆ ಮೂರೂವರೆ ಕೊಡ್ತೀನಿ. ಆ ಕಳೆದ ಒಂದೂವರೆಯಲ್ಲಿ ಅರ್ಧ ಸ್ಟಾರ್ ನನ್ನ ತಪ್ಪೇ.

ಕೊಂಡಿದ್ದು ನಾನಲ್ಲ, ನನ್ನ ಹೆಂಡತಿ. ನಾವು ಬೆಂಗಳೂರಿಂದ ಹೊರಟಿದ್ದು ದಾಂಡೇಲಿಗೆ, ಎರಡು ರಾತ್ರಿಗೆ. ಹುಬ್ಬಳ್ಳಿಯಲ್ಲಿ ಗಿರ್ಮಿಟ್ ತಿನ್ನುತ್ತಿದ್ದಾಗ ಹೋಮ್‌ಸ್ಟೇಯವರ ಫೋನು: ಮಳೆಗೆ ಮರ ಬಿದ್ದು ಎರಡು ದಿನದಿಂದ ಕರೆಂಟಿಲ್ಲ, ಬರಬೇಡಿ ಸರ್. ಇವಳು ಫಿಸಿಕ್ಸ್ ಲೆಕ್ಚರರ್. ಆಗ ಹಳೇ ಕಾಲೇಜು ಬಿಟ್ಟಿದ್ದಳು, ಹೊಸದು ಸಿಕ್ಕಿರಲಿಲ್ಲ. ನನಗೆ ಆಫೀಸಿನಲ್ಲಿ 26 ದಿನದ ರಜೆ ಕೊಳೆಯುತ್ತಾ ಬಿದ್ದಿತ್ತು. "ರೀ, ವಾಪಸ್ ಹೋದ್ರೆ ನಾನೂರು ಕಿಲೋಮೀಟರು. ಮುಂದೆ ಹೋದ್ರೂ ರಸ್ತೆ ಇದ್ದೇ ಇದೆಯಲ್ಲ," ಅಂದಳು. ಧಾರವಾಡದಲ್ಲಿ ಹಳಿಯಾಳದ ಕಡೆ ತಿರುಗಲೇ ಇಲ್ಲ. 25 ದಿನ, ಎಂಟು ಸಾವಿರಕ್ಕೆ ಐವತ್ತು ಕಿಲೋಮೀಟರು ಕಮ್ಮಿ. ಕಾರು ಸಾಧಾರಣ ಪೆಟ್ರೋಲ್ ಹ್ಯಾಚ್‌ಬ್ಯಾಕು. ಬ್ಯಾಗಿನಲ್ಲಿ ಎರಡು ದಿನದ ಬಟ್ಟೆ.

ಕೊಲ್ಹಾಪುರದಲ್ಲಿ ಸ್ವೆಟರ್ ಹುಡುಕುತ್ತಾ ಹೋದವಳು ಈ ಡಬ್ಬಿ ಹಿಡಿದುಕೊಂಡು ಬಂದಳು. ಬಂಕಿನಲ್ಲಿ ಪುಕ್ಕಟೆ ಸಿಗೋ ಗಾಳಿಗೆ ಎರಡು ಸಾವಿರ ಸುರಿದೆಯಲ್ಲ ಕಣೇ ಅಂತ ಸತಾರಾ ದಾಟುವವರೆಗೂ ರೇಗಿಸಿದೆ. ಜೈಸಲ್ಮೇರ್ ತನಕ, ಅಂದರೆ ಹೆಚ್ಚುಕಮ್ಮಿ ಒಂದೂವರೆ ಸಾವಿರ ಕಿಲೋಮೀಟರು, ಅದು ಡಿಕ್ಕಿಯಿಂದ ಆಚೆ ಬರಲೂ ಇಲ್ಲ.

ಸೆಪ್ಟೆಂಬರು ಜೈಸಲ್ಮೇರಿನ ಸೀಸನ್ ಅಲ್ಲ. ಜನ ಬರೋದು ಅಕ್ಟೋಬರಿನಿಂದ ಮಾರ್ಚ್. ಸಮ್ ಅನ್ನೋ ಊರಿನ ಮರಳು ದಿಬ್ಬಗಳ ಹತ್ತಿರ ಒಂಟೆಗಳೂ ಜೀಪುಗಳೂ ನೆರಳಿಗೆ ಮಲಗಿದ್ದವು. ನಾವು ರಾಮಗಢದ ಮೇಲೆ ಲೋಂಗೇವಾಲಾ, ಅಲ್ಲಿಂದ ತನೋಟ್ ದೇವಸ್ಥಾನ ಅಂತ ಹೊರಟೆವು. 1971ರ ಕದನ ನಡೆದ ಜಾಗ ಒಂದು, 1965ರಲ್ಲಿ ಬಿದ್ದೂ ಸಿಡಿಯದ ಶೆಲ್ಲುಗಳನ್ನ ಇಟ್ಟಿರುವ ಗುಡಿ ಇನ್ನೊಂದು. ಗುಡಿಯನ್ನ ನೋಡಿಕೊಳ್ಳೋದು ಬಿಎಸ್‌ಎಫ್ ಯೋಧರೇ. ಡಾಂಬರು ರಸ್ತೆ ಚೆನ್ನಾಗಿದೆ, ಆದರೆ ಗಾಳಿ ಬೀಸಿದ ಕಡೆಯೆಲ್ಲ ಮರಳು ರಸ್ತೆಯ ಮೇಲೆ ನಾಲಗೆ ಚಾಚಿಕೊಂಡು ಬಿದ್ದಿರುತ್ತೆ. ಫೋಟೋ ಆಸೆಗೆ ಎರಡು ಚಕ್ರ ಪಕ್ಕಕ್ಕಿಳಿಸಿದೆ. ಅಷ್ಟೇ. ಆಕ್ಸಿಲರೇಟರ್ ಒತ್ತಿದಷ್ಟೂ ಮುಂದಿನ ಚಕ್ರ ತನಗೆ ತಾನೇ ಗುಂಡಿ ತೋಡಿಕೊಂಡಿತು.

ಫ್ಲೋರ್ ಮ್ಯಾಟ್ ಹಾಕಿ ನೋಡಿದೆ, ಮ್ಯಾಟು ಹಿಂದಕ್ಕೆ ಹಾರಿಹೋಯಿತು. ಮುಕ್ಕಾಲು ಗಂಟೆ ಆದಮೇಲೆ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಬಂದ. ಕಾರು ತಳ್ಳುತ್ತಾನೆ ಅಂದುಕೊಂಡೆ. ಆತ ಕೂತುಕೊಂಡು ವಾಲ್ವಿನ ಕ್ಯಾಪು ಬಿಚ್ಚಿ, ಒಂದು ಒಣ ಕಡ್ಡಿ ಮುರಿದು, ವಾಲ್ವಿನೊಳಗಿನ ಪಿನ್ನು ಒತ್ತಿದ. "ಹವಾ ನಿಕಾಲೋ." ಬುಸ್ಸಂತ ಗಾಳಿ ಹೋಗುತ್ತಿದ್ದರೆ ನನ್ನ ಜೀವವೇ ಹೋದಂತಾಯಿತು. ಮತ್ತೆ ತುಂಬಿಸೋಕೆ ನಲವತ್ತು ಚಿಲ್ಲರೆ ಕಿಲೋಮೀಟರು ವಾಪಸ್ ರಾಮಗಢಕ್ಕೆ ಹೋಗಬೇಕು. ತಗ್ಗಿದ ಟೈರಿನಲ್ಲಿ ಕಾದ ಡಾಂಬರಿನ ಮೇಲೆ ಅಷ್ಟು ದೂರ ಓಡಿಸಿದರೆ ಟೈರಿನ ಪಕ್ಕೆ ಬೆಂದುಹೋಗುತ್ತೆ. ನಾನು ತಡೆಯೋಕೆ ಹೋದೆ. ಇವಳು ನನ್ನ ಕೈ ಹಿಡಿದುಕೊಂಡು ಡಿಕ್ಕಿ ಕಡೆ ಕಣ್ಣು ಮಾಡಿದಳು.

ನಾಲ್ಕೂ ಟೈರಿನ ಗಾಳಿಯ ಒತ್ತಡ 33 ಪಿಎಸ್‌ಐಯಿಂದ 18ಕ್ಕೆ ಇಳಿಸಿದೆವು. ಇಳಿಸಿದಾಗ ಏನಾಗುತ್ತೆ ಅಂತ ಕೂತು ನೋಡಿದರೆ ಗೊತ್ತಾಗುತ್ತೆ: ನೆಲ ಮುಟ್ಟುವ ಭಾಗ ಉದ್ದಕ್ಕೆ ಚಾಚಿಕೊಳ್ಳುತ್ತೆ, ಭಾರ ಹರಡುತ್ತೆ, ಮರಳನ್ನ ಅಗೆಯುತ್ತಿದ್ದ ಟೈರು ಮರಳಿನ ಮೇಲೆ ಕೂರುತ್ತೆ. ಎರಡನೇ ಗೇರಿನಲ್ಲಿ, ಕ್ಲಚ್ ಮೆಲ್ಲಗೆ ಬಿಟ್ಟಾಗ, ಕಾರು ಏನೂ ಆಗೇ ಇಲ್ಲವೇನೋ ಎಂಬಂತೆ ಹಿಂದಕ್ಕೆ ಉರುಳಿ ಡಾಂಬರಿಗೆ ಬಂತು. ಅಲ್ಲ, ತಪ್ಪು ಬರೆದೆ, ಹಿಂದಕ್ಕೆ ಬಂದಿದ್ದು ರಿವರ್ಸಿನಲ್ಲಿ. ಎರಡನೇ ಗೇರಿನಲ್ಲಿ ಮೊದಲು ಮುಂದಕ್ಕೆ ಹೋಗಿ ಇನ್ನೊಂದು ಸಲ ಹೂತಿದ್ದೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗೋದು ಸುಲಭ, ಮರಳು ಆಗಲೇ ಒತ್ತಿಕೊಂಡಿರುತ್ತೆ.

ಹಾಗಾಗಿ ಈ ಪಂಪಿನ ಬಗ್ಗೆ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಪಂಚರಾದಾಗ ಬೇಕಾಗುತ್ತೆ ಅಂತ ಎಲ್ಲರೂ ಕೊಳ್ತಾರೆ. ಪಂಚರಿಗೆ ಸ್ಟೆಪ್ನಿ ಇದೆ. ಪಂಪು ಇದ್ದರೆ ಗಾಳಿ ಬಿಡುವ ಧೈರ್ಯ ಬರುತ್ತೆ. ಮರಳಿನಲ್ಲಿ ಹೂತವರಲ್ಲಿ ಎಷ್ಟೋ ಮಂದಿಗೆ ಗಾಳಿ ಇಳಿಸಬೇಕು ಅಂತ ಗೊತ್ತಿರುತ್ತೆ, ತುಂಬಿಸೋದು ಹೇಗೆ ಅನ್ನೋ ಭಯಕ್ಕೆ ಇಳಿಸೋದಿಲ್ಲ.

ತುಂಬಿಸೋಕೆ ಒಂದೊಂದು ಟೈರಿಗೆ ಮೂರು ಮೂರೂವರೆ ನಿಮಿಷ. ಎಂಜಿನ್ ಚಾಲೂ ಇಟ್ಟೇ ಮಾಡಬೇಕು, ಇಲ್ಲದಿದ್ದರೆ ಬ್ಯಾಟರಿ ಬತ್ತುತ್ತೆ. ಹತ್ತು ನಿಮಿಷ ಓಡಿದರೆ ಅಷ್ಟೇ ಹೊತ್ತು ಬಿಡುವು ಕೊಡಿ ಅಂತ ಡಬ್ಬಿಯ ಮೇಲೆ ಬರೆದಿದೆ. ಆ ಬಿಸಿಲಲ್ಲಿ ಬಿಡುವು ಕೊಟ್ಟರೂ ಪೈಪಿನ ತುದಿಯ ಹಿತ್ತಾಳೆ ನಟ್ಟು ಬರಿಗೈಲಿ ಮುಟ್ಟೋಕಾಗದಷ್ಟು ಕಾದಿತ್ತು. ಕರ್ಚೀಫು ಸುತ್ತಿ ಬಿಚ್ಚಿದೆ. ಮೂರು ಟೈರು ಮುಗಿದವು. ಅಜ್ಜನಿಗೆ ಟೀ ಕೊಡೋಣ ಅಂತ ಅದೇ ಸಾಕೆಟ್ಟಿನ ಸ್ಪ್ಲಿಟ್ಟರಿಗೆ ಕಾರಿನ ಕೆಟಲ್ಲನ್ನೂ ಸಿಕ್ಕಿಸಿದೆ. ಟಪ್. ಪಂಪೂ ಇಲ್ಲ, ಟೀನೂ ಇಲ್ಲ, ಮೊಬೈಲ್ ಚಾರ್ಜೂ ಇಲ್ಲ. ಪಂಪೊಂದೇ ಹತ್ತು ಆಂಪಿಯರಿನ ಆಸುಪಾಸು ಎಳೆಯುತ್ತೆ, ಸಾಕೆಟ್ಟಿನ ಫ್ಯೂಸು ಹದಿನೈದರದ್ದು. ಸ್ಟಿಯರಿಂಗ್ ಕೆಳಗಿನ ಡಬ್ಬಿ ತೆಗೆದು, ಫಾಗ್ ಲ್ಯಾಂಪಿನ ಫ್ಯೂಸೂ ಅದೇ ನೀಲಿ ಬಣ್ಣದ ಹದಿನೈದರದ್ದು ಅಂತ ನೋಡಿ, ಅದನ್ನ ಕಿತ್ತು ಇದಕ್ಕೆ ಹಾಕಿದೆ. ಮರುಭೂಮಿಯಲ್ಲಿ ಮಂಜು ಎಲ್ಲಿಂದ ಬರಬೇಕು ಅಂತ ಜೋಕೂ ಮಾಡಿದೆ.

ಬಿಕಾನೇರ್, ಬಠಿಂಡಾ, ಚಂಡೀಗಢ, ಮನಾಲಿ. ಈ ಭಾಗದಲ್ಲಿ ಹೇಳೋಕೇನಿಲ್ಲ, ಪಂಪು ಡಿಕ್ಕಿಯಲ್ಲಿ ನಿದ್ದೆ ಮಾಡಿತು.

ಮನಾಲಿಯಲ್ಲಿ ಒಬ್ಬ ಟ್ಯಾಕ್ಸಿಯವನು, ಲೇಹ್ ದಾರಿಯಲ್ಲಿ ಮೇಲೆ ಹೋದಂತೆ ಗಾಳಿ ತೆಳು, ಟೈರು ಉಬ್ಬಿ ಒಡೆಯುತ್ತೆ, ಐದೈದು ಇಳಿಸಿಕೊಂಡು ಹೋಗಿ ಅಂದ. ಮರುಭೂಮಿಯ ಪಾಠ ತಲೆಯಲ್ಲಿತ್ತಲ್ಲ, ನಾನು ಕ್ಯಾಪು ಬಿಚ್ಚೋಕೆ ಕೂತೆ. ಇವಳು ಬಿಡಲಿಲ್ಲ. ಹೊರಗಿನ ವಾಯುಭಾರ ಸಮುದ್ರಮಟ್ಟದಲ್ಲಿ 14.7 ಪಿಎಸ್‌ಐ, ಮನಾಲಿಯಲ್ಲಿ ಹನ್ನೊಂದೂವರೆ. "ಕಾರನ್ನ ಬಾಹ್ಯಾಕಾಶಕ್ಕೇ ತಗೊಂಡು ಹೋದ್ರೂ ಮೀಟರು ಹನ್ನೊಂದೂವರೆಗಿಂತ ಜಾಸ್ತಿ ಏರಲ್ಲ. 33ಕ್ಕೆ ಸೇರಿಸಿ ನೋಡಿ. ನಿಮ್ಮ ಟೈರಿನ ಪಕ್ಕೆ ಮೇಲೇನು ಬರೆದಿದೆ ಓದಿ." ಓದಿದೆ, ಗರಿಷ್ಠ 51. ಕ್ಯಾಪು ವಾಪಸ್ ಹಾಕಿದೆ.

ಆದರೂ ಸಂಶಯ ಹೋಗಬೇಕಲ್ಲ. ಅಟಲ್ ಸುರಂಗದ ಒಂಬತ್ತು ಕಿಲೋಮೀಟರು ದಾಟಿ, ಟಂಡಿಯಲ್ಲಿ ಟ್ಯಾಂಕು ತುಂಬಿಸಿ (ಮುಂದಿನ ಬಂಕು 365 ಕಿಲೋಮೀಟರು ಅನ್ನುವ ಬೋರ್ಡಿನಿಂದಲೇ ಹೆಸರಾದ ಜಾಗ ಅದು), ಜಿಸ್ಪಾದಲ್ಲಿ ಒಂದು ರಾತ್ರಿ, ಸರ್ಚುವಿನಲ್ಲಿ ಒಂದು ರಾತ್ರಿ. ಸರ್ಚುವಿನಲ್ಲಿ ಮಲಗೋದು ನಾವು ಮಾಡಿದ ತಪ್ಪು. 4,290 ಮೀಟರಿನಲ್ಲಿ ತಲೆ ಹಾರೆಯಿಂದ ಮೀಟಿದ ಹಾಗೆ ಸಿಡಿಯಿತು. ಬೆಳಗ್ಗೆ ವಿಂಡ್‌ಶೀಲ್ಡಿನ ಮೇಲೆ ಮಂಜುಗಡ್ಡೆ. ಬೆಂಗಳೂರಿಂದ ತಂದಿದ್ದ ಕೋಡುಬಳೆ ಪ್ಯಾಕೆಟ್ಟು ದಿಂಬಿನ ಹಾಗೆ ಊದಿಕೊಂಡು ಕೂತಿತ್ತು. ಅದನ್ನ ನೋಡಿ ಗಾಬರಿಯಿಂದ ಪಂಪಿನ ಮೀಟರು ಹಚ್ಚಿದರೆ 32! ಮನಾಲಿಗಿಂತ ಒಂದು ಕಮ್ಮಿಯೇ. ಎತ್ತರ ಮೂರು ಕೊಟ್ಟಿತ್ತು, ಚಳಿ ನಾಲ್ಕು ಕಿತ್ತುಕೊಂಡಿತ್ತು. ಕೋಡುಬಳೆ ಪ್ಯಾಕೆಟ್ಟಿಗೆ ಟೈರಿನಷ್ಟು ಗಟ್ಟಿ ಗೋಡೆ ಇಲ್ಲ, ಅದಕ್ಕೇ ಅದು ಊದುತ್ತೆ ಅಂತ ಇವಳು ಅದನ್ನ ಒಡೆದು ತಿನ್ನುತ್ತಲೇ ಪಾಠ ಮಾಡಿದಳು.

ಗಾಟಾ ಲೂಪ್ಸಿನ 21 ತಿರುವು ಹತ್ತಿ ಪಾಂಗ್ ಸೇರುವಷ್ಟರಲ್ಲಿ ಎಡಹಿಂದಿನ ಚಕ್ರದಲ್ಲಿ ಒಂದು ಸ್ಕ್ರೂ. ಮೀಟರು 24. ಟ್ಯೂಬ್‌ಲೆಸ್ ಟೈರು, ಪಂಪಿನ ಜೊತೆಗೇ ಕೊಟ್ಟಿದ್ದ ರಬ್ಬರಿನ ಹುರಿ ತೂರಿಸಿ ಮುಚ್ಚಿದೆ. ಆ ಹುರಿ ತೂರಿಸೋಕೆ ಬೇಕಾದ ಶಕ್ತಿ ಆ ಎತ್ತರದಲ್ಲಿ ಮನುಷ್ಯನಿಗಿರೋದಿಲ್ಲ. ಎರಡು ಸಲ ಕೂತು ಏದುಸಿರು ಬಿಟ್ಟು ಎದ್ದೆ. ಪಂಪಿಗೂ ಅದೇ ಕಥೆ. ಕೆಳಗೆ ಎರಡು ನಿಮಿಷಕ್ಕೆ ಆಗುವ ಕೆಲಸಕ್ಕೆ ಮೂರೂವರೆ ನಿಮಿಷ ತಗೊಂಡಿತು. ಪಿಸ್ಟನ್ನು ಒಂದೊಂದು ಸಲಕ್ಕೂ ಎಳೆದುಕೊಳ್ಳೋದೇ ತೆಳು ಗಾಳಿ, ಎಷ್ಟು ಸಲ ಹೊಡೆದರೂ ಒಳಗೆ ಸೇರೋದು ಸ್ವಲ್ಪ. ಕೆಟ್ಟಿದೆ ಅಂದುಕೊಳ್ಳಬೇಡಿ, ಕಾಯಿರಿ. ಆಮೇಲೆ ಮೋರೆ ಬಯಲು, 5,328 ಮೀಟರಿನ ತಂಗ್ಲಾಂಗ್ ಲಾ, ಲೇಹ್. ಆ ಹುರಿ ಬೆಂಗಳೂರಿನ ತನಕ ಒಂದು ಚೂರೂ ಗಾಳಿ ಬಿಡಲಿಲ್ಲ.

ಇಷ್ಟು ಹೊತ್ತಿಗೆ ನಾನು ಗಾಳಿಯ ವಿಷಯದಲ್ಲಿ ಪಂಡಿತನಾಗಿಬಿಟ್ಟಿದ್ದೆ. ದೆಹಲಿ, ಮುಂಬೈ, ಕಾರವಾರ, ಒಂದು ಕಡೆ ಸೌಪರ್ಣಿಕಾ ಒಂದು ಕಡೆ ಕಡಲು ಇರುವ ಮರವಂತೆ, ಎಲ್ಲ ಮುಗಿಸಿ ಕಣ್ಣೂರಿನ ಪಕ್ಕದ ಮುಳಪ್ಪಿಲಂಗಾಡಿಗೆ ಹೋದೆವು. ಹೆಚ್ಚುಕಮ್ಮಿ ನಾಲ್ಕು ಕಿಲೋಮೀಟರು ಕಡಲ ದಂಡೆಯ ಮೇಲೇ ಕಾರು ಓಡಿಸಬಹುದಾದ ಜಾಗ. ಮರಳು ಅಂದಕೂಡಲೇ ನಾನು ಠೀವಿಯಿಂದ ಇಳಿದು ನಾಲ್ಕೂ ಟೈರು 18ಕ್ಕೆ ಇಳಿಸಿದೆ. ಅಷ್ಟರಲ್ಲಿ ಒಂದು ಆಟೋರಿಕ್ಷಾ ತುಂಬಾ ಜನ ಕೂರಿಸಿಕೊಂಡು ನಮ್ಮ ಪಕ್ಕದಲ್ಲೇ ಭರ್ರಂತ ಹೋಯಿತು. ಅಲ್ಲಿನ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿ. ಇಳಿಸುವ ಅಗತ್ಯವೇ ಇರಲಿಲ್ಲ. ಮತ್ತೆ ತುಂಬಿಸೋಕೆ ಪಂಪನ್ನ ಮರಳಿನ ಮೇಲಿಟ್ಟು ಇವಳ ಫೋಟೋ ತೆಗೆಯುತ್ತಿದ್ದೆ. ಒಂದು ಅಲೆ, ದೊಡ್ಡದೂ ಅಲ್ಲ, ಬಂದು ಡಬ್ಬಿಯನ್ನ ಅರ್ಧ ಮುಳುಗಿಸಿ ಹೋಯಿತು.

ಒಣಗಿಸಿದ ಮೇಲೆ ಓಡಿತು, ಅದು ದೊಡ್ಡ ವಿಷಯ. ಆದರೆ ಉಪ್ಪು ಒಳಗೇ ಉಳಿಯಿತು. ತಿಂಗಳೊಳಗೆ ಸ್ವಿಚ್ಚು ಗರಗರ ಅನ್ನತೊಡಗಿತು, ಹಿತ್ತಾಳೆ ನಟ್ಟಿಗೆ ಹಸಿರು ಕಿಲುಬು. ನಮ್ಮಮ್ಮ ದೀಪದ ಕಂಬ ತಿಕ್ಕುವ ಹುಣಸೆಹಣ್ಣಿನಲ್ಲಿ ತಿಕ್ಕಿದೆ, ನಟ್ಟು ಹೊಸದಾಯಿತು. ಸ್ವಿಚ್ಚಿಗೆ ಹುಣಸೆಹಣ್ಣಿನ ಉಪಾಯ ಇಲ್ಲ. ಮಾರಿದ ಕಂಪನಿಯವರಿಗೆ ಮೂರು ಮೇಲ್ ಹಾಕಿದೆ. ನೀರಿನಿಂದ ಕೆಟ್ಟದ್ದಕ್ಕೆ ವಾರಂಟಿ ಇಲ್ಲ ಅಂದರು, ಸರಿ, ಒಪ್ಪಿದೆ. ದುಡ್ಡು ಕೊಡ್ತೀನಿ, ಸ್ವಿಚ್ಚು ಕಳಿಸಿ ಅಂದದ್ದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ. ಒಂದು ಸ್ಟಾರ್ ಹೋಗಿದ್ದು ಇದಕ್ಕೆ. ಕೊನೆಗೆ ಮಿಕ್ಸಿ ರಿಪೇರಿಯವನು ಅರವತ್ತು ರೂಪಾಯಿಗೆ ಬೇರೆ ಸ್ವಿಚ್ಚು ಕೂರಿಸಿಕೊಟ್ಟ.

ಆಮೇಲಿನ ಮೂರು ವರ್ಷ ಊರಿನ ಬಾಳು. ತಿಂಗಳಿಗೆರಡು ಸಲ ಬೆಳಗ್ಗೆ ಟೈರು ತಣ್ಣಗಿರುವಾಗ ನಾಲ್ಕಕ್ಕೂ ಹಚ್ಚುತ್ತೇನೆ. ಅಪಾರ್ಟ್‌ಮೆಂಟಿನ ಸೈಕಲ್ಲು, ಫುಟ್‌ಬಾಲು, ಯಾರದೋ ಸ್ಕೂಟರು, ಎಲ್ಲಕ್ಕೂ ಇದೇ. ಸದ್ದು ವಿಪರೀತ, ಬೆಳಗ್ಗೆ ಆರಕ್ಕೆ ಹಚ್ಚಿ ಒಮ್ಮೆ ಬೈಸಿಕೊಂಡಿದ್ದೇನೆ. ಡಿಸ್‌ಪ್ಲೇಯಲ್ಲಿ ಒಂದು ಗೆರೆ ಸತ್ತಿದೆ, 8 ಈಗ 6ರ ಹಾಗೆ ಕಾಣುತ್ತೆ. ನೂರೈವತ್ತು ರೂಪಾಯಿಯ ಪೆನ್ಸಿಲ್ ಗೇಜಿಗೆ ಹೋಲಿಸಿದರೆ ಎರಡು ಪಿಎಸ್‌ಐ ಜಾಸ್ತಿ ತೋರಿಸುತ್ತೆ, ಹಾಗಾಗಿ 33 ಬೇಕಾದರೆ 35ಕ್ಕೆ ಇಡುತ್ತೇನೆ. ಪೈಪು ಡಬ್ಬಿಗೆ ಸೇರುವ ಜಾಗದಲ್ಲಿ ಸೀಳು ಬಿಟ್ಟಿದೆ, ಟೇಪು ಸುತ್ತಿದ್ದೇನೆ. ಮೋಟಾರು ಮಾತ್ರ ಮೊದಲ ದಿನದ ಹಾಗೇ ಇದೆ.

ಕೊಳ್ಳುವವರು ಪೈಪಿನ ತುದಿ ತಿರುಪಿನದ್ದೇ ನೋಡಿ ಕೊಳ್ಳಿ, ಒತ್ತಿ ಸಿಕ್ಕಿಸುವ ಕ್ಲಿಪ್ಪು ಮರಳು ಸೇರಿದರೆ ಹಿಡಿಯೋದಿಲ್ಲ. ವೈರು ಹಿಂದಿನ ಚಕ್ರದ ತನಕ ಮುಟ್ಟಬೇಕು, ಅಂಗಡಿಯಲ್ಲೇ ಅಳೆದುಬಿಡಿ. ದೊಡ್ಡ ಟೈರಿನ ಗಾಡಿಯಿದ್ದರೆ ನೇರ ಬ್ಯಾಟರಿಗೆ ಕಚ್ಚಿಸುವ ಮಾದರಿಯೇ ವಾಸಿ. ಹಾಗೇ ಹತ್ತು ರೂಪಾಯಿಯ ನೀಲಿ ಫ್ಯೂಸು ನಾಲ್ಕು ಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಆ ಪ್ರವಾಸದ ಕೊನೆಯ ಸಂಜೆ ಮಾಕುಟ್ಟದ ಘಾಟಿ ಹತ್ತಿ ವಿರಾಜಪೇಟೆಗೆ ಬರುವಾಗ ಎದುರಿನ ಬಸ್ಸೂ ಕಾಣದಷ್ಟು ಮಂಜು. ಫಾಗ್ ಲ್ಯಾಂಪಿನ ಸ್ವಿಚ್ಚು ಒತ್ತಿದೆ, ಇನ್ನೊಮ್ಮೆ ಒತ್ತಿದೆ. ಇವಳು ಏನೂ ಅನ್ನಲಿಲ್ಲ, ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ರಸ್ತೆಯ ಅಂಚು ನೋಡಿ ಹೇಳುತ್ತಾ ಬಂದಳು. ಆ ಫ್ಯೂಸು ನಾನು ಇನ್ನೂ ಹಾಕಿಸಿಲ್ಲ.