ಬೌಲಿಂಗ್ ಹೇಳಿಕೊಡುವವರು ಆಡಿ ನೋಡಬೇಕಾದ ಬೇಸ್‌ಬಾಲ್ ಗೇಮ್

'ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್'ನಲ್ಲಿ ಬ್ಯಾಟು ಬೀಸುವ, ಚೆಂಡು ಎಸೆಯುವ ಕೆಲಸ ನಮಗಿಲ್ಲ. ಕೂತು ತಂಡ ಕಟ್ಟಬೇಕು, ನಡೆಸಬೇಕು. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸಿಗುವ ಈ ಕಂಪ್ಯೂಟರ್ ಗೇಮನ್ನು ನಾನು ಕೊಂಡದ್ದು ಹಾಸನದಲ್ಲಿ ಹುಡುಗರಿಗೆ ಬೌಲಿಂಗ್ ಹೇಳಿಕೊಡುವವನಾಗಿ. ಹೋದ ಲೀಗಿನಲ್ಲಿ ನಮ್ಮ ಕ್ಲಬ್ಬು ತಳ ಹಿಡಿಯಿತು. ಬ್ಯಾಟಿಂಗ್ ತಕ್ಕಮಟ್ಟಿಗಿತ್ತು, ರನ್ ತಡೆಯುವವರೇ ಇರಲಿಲ್ಲ. ಮುಂದಿನ ಸಲ ಯಾರ ಕೈಗೆ ಚೆಂಡು ಕೊಡುವುದು ಎಂಬ ಚಿಂತೆಗೆ ಈ ಗೇಮ್ ಸರಿಯಾಗಿ ಒದಗಿತು.

ಹಳೆಯ ಸೀಸನ್ನುಗಳಿಂದಲೂ ಆಟ ಶುರು ಮಾಡಬಹುದು. ನಾನು ಆರಿಸಿದ್ದು 1963ರ ನ್ಯೂಯಾರ್ಕ್ ಮೆಟ್ಸ್. ಅದರ ಹಿಂದಿನ ವರ್ಷ, ತನ್ನ ಮೊದಲ ಸೀಸನ್ನಿನಲ್ಲೇ, 40 ಗೆದ್ದು 120 ಸೋತ ತಂಡ. ಚೆಂಡು ಎಸೆಯುವ ಪಿಚರುಗಳ ಲೆಕ್ಕ ನೋಡಿದರೆ ಹೊಟ್ಟೆ ಚುರ್ರೆನ್ನುತ್ತದೆ. ಬೇಸ್‌ಬಾಲಿನಲ್ಲಿ ಪಂದ್ಯದ ಗೆಲುವು, ಸೋಲು ಒಬ್ಬೊಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ. ರೋಜರ್ ಕ್ರೇಗ್ 10 ಗೆಲುವು, 24 ಸೋಲು. ಆಲ್ ಜಾಕ್ಸನ್ 8–20, ಜೇ ಹುಕ್ 8–19. ಎಲ್ಲರನ್ನೂ ಮನೆಗೆ ಕಳಿಸಿ ಹೊಸಬರನ್ನು ತರೋಣ ಅನ್ನಿಸುವುದು ಸಹಜ. ಆದರೆ ಆ ವರ್ಷ ಅವರ ಬೆನ್ನಿಗಿದ್ದ ಫೀಲ್ಡರುಗಳು 210 ಎರರ್, ಅಂದರೆ ಚೆಂಡು ಕೈಬಿಟ್ಟ, ತಪ್ಪಾಗಿ ಎಸೆದ ತಪ್ಪುಗಳನ್ನು ಮಾಡಿದ್ದರು! ಹೆಚ್ಚಾಗಿ ನೆಲದ ಮೇಲೆ ಹೊಡೆಸುವ ಪಿಚರಿಗೆ ಕೈ ಜಾರುವ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಕೊಟ್ಟು ನೋಡಿ, ಅವನ ಅಂಕಿಅಂಶ ಹೇಗೆ ಕೆಡುತ್ತದೆ ಎಂದು ಗೇಮ್ ತೋರಿಸುತ್ತದೆ. ನಿಜದ ಕ್ರೇಗ್ 1963ರಲ್ಲಿ 5–22ಕ್ಕೆ ಇಳಿದರು. ಮರುವರ್ಷ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಸೇರಿದರು. ಆ ತಂಡ ಅಮೆರಿಕದ ಬೇಸ್‌ಬಾಲಿನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು, ನಾಲ್ಕನೇ ಪಂದ್ಯದ ಗೆಲುವು ಕ್ರೇಗ್ ಹೆಸರಿಗೇ ಬಂತು. ಸೋತ ತಂಡದ ಬೌಲರನ್ನು ಅಳೆಯುವಾಗ ಇದನ್ನು ಮರೆಯಬಾರದು.

ಗೇಮಿನ ಜೀವಾಳ ದಣಿವಿನ ಲೆಕ್ಕ. ಒಬ್ಬೊಬ್ಬ ಪಿಚರಿಗೂ ತಾಕತ್ತು, ಹತೋಟಿ, ದಮ್ಮು ಎಷ್ಟೆಂದು ಬೇರೆಬೇರೆ ಅಂಕ ಇರುತ್ತದೆ. ಇಂದು ಪಂದ್ಯ ಶುರು ಮಾಡಿದವನಿಗೆ ಕೆಲವು ದಿನ ಬಿಡುವು ಕೊಡಲೇಬೇಕು. ಸರದಿಯಲ್ಲಿ ನಾಲ್ವರೋ ಐವರೋ, ದಣಿವಾರಿದವನನ್ನು ಮೊದಲು ಕರೆಯುವುದೋ ಕ್ರಮ ತಪ್ಪದೆ ಕರೆಯುವುದೋ, ಎಲ್ಲ ನಮ್ಮ ತೀರ್ಮಾನ. ಕೊನೆಯ ಇನಿಂಗ್ಸ್ ಮುಗಿಸುವವನು ಬೇರೆ, ಆರಂಭದಲ್ಲೇ ಏಟು ಬಿದ್ದಾಗ ಬಹಳ ಹೊತ್ತು ಎಳೆಯುವವನು ಬೇರೆ. ಒಬ್ಬನನ್ನೇ ನೆಚ್ಚಿ ಕೂತರೆ ತೋಳು ಹೋಗುತ್ತದೆ, ಅವನ ಹಿಂದೆ ಸೀಸನ್ನೂ ಹೋಗುತ್ತದೆ.

ಜಾವಗಲ್ ಹೆಸರು ಹೊತ್ತ ಶ್ರೀನಾಥ್, ಅರಸೀಕೆರೆಯ ಡೇವಿಡ್ ಜಾನ್ಸನ್ ಇಬ್ಬರೂ ಭಾರತಕ್ಕೆ ವೇಗವಾಗಿ ಬೌಲ್ ಮಾಡಿದವರು. ಈ ಊರುಗಳಿರುವ ನಮ್ಮ ಹಾಸನ ಜಿಲ್ಲೆಯಲ್ಲಿ ಹದಿನಾರರ ಹುಡುಗನೊಬ್ಬ ಜೋರಾಗಿ ಹಾಕಿದನೆಂದರೆ ಶನಿವಾರವೂ ಅವನೇ, ಭಾನುವಾರವೂ ಅವನೇ. ನನಗೆ ಸಂಕಟ ತರುವುದು ಇದು. ಆ ಹುಡುಗನಿಗೆ ಬಿಡುವು ಕೊಡಿ ಎಂದರೆ ಒಪ್ಪದ ನಮ್ಮ ಕ್ಯಾಪ್ಟನ್ನು, ಲ್ಯಾಪ್‌ಟಾಪಿನಲ್ಲಿ ಜಾಕ್ಸನ್ ದಣಿದು ಏಟು ತಿನ್ನುವುದನ್ನು ನೋಡಿ ಒಪ್ಪಿಕೊಂಡ.

ಕಷ್ಟಗಳೂ ಇವೆ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಅಂಕಿ. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಮೊದಮೊದಲು ತಲೆಬುಡ ತಿಳಿಯುವುದಿಲ್ಲ. ಆಟಗಾರರ ಕೊಡುಕೊಳ್ಳುವಿಕೆ, ಕಿರಿಯರ ತಂಡಗಳ ಉಸ್ತುವಾರಿ ಎಲ್ಲ ಕಂಪ್ಯೂಟರಿಗೇ ಬಿಟ್ಟು, ಪಿಚಿಂಗ್ ಒಂದನ್ನೇ ಕೈಯಲ್ಲಿಟ್ಟುಕೊಂಡು ಶುರು ಮಾಡಿ. ಪ್ರತಿ ವರ್ಷ ಹೊಸ ಆವೃತ್ತಿ ಬರುತ್ತದೆ, ಹಳೆಯದು ರಿಯಾಯಿತಿಯಲ್ಲಿ ಸಿಕ್ಕರೂ ಈ ಕಲಿಕೆಗೆ ಧಾರಾಳ ಸಾಕು.

ಈ ಸಲ ನಮ್ಮ ಪಟ್ಟಿಯಲ್ಲಿ ಮೂವರು ವೇಗಿಗಳು, ಇಬ್ಬರು ಸ್ಪಿನ್ನರುಗಳು. ಶನಿವಾರ ಹತ್ತು ಓವರ್ ಹಾಕಿದ ವೇಗಿಗೆ ಭಾನುವಾರ ಚೆಂಡಿಲ್ಲ. ಸ್ಲಿಪ್ ಕ್ಯಾಚಿನ ಅಭ್ಯಾಸ ಬೌಲಿಂಗ್ ನೆಟ್ಸಿಗಿಂತ ಮೊದಲು.