ಆನ್‌ಲೈನ್ ಕಾರ್ಮಿಕ ಸಂಬಂಧ ಡಿಪ್ಲೊಮಾ: ಮುಗಿಸಿ, ಕೆಲಸದಲ್ಲಿ ಬಳಸಿದ ಮೇಲಿನ ವಿಮರ್ಶೆ

ಕಾರ್ಮಿಕ ಕಾನೂನು ಮತ್ತು ಉದ್ಯೋಗ ಸಂಬಂಧಗಳ ಒಂದು ವರ್ಷದ ಆನ್‌ಲೈನ್ ಪಿ.ಜಿ. ಡಿಪ್ಲೊಮಾ ಇದು. ಎರಡು ಸೆಮಿಸ್ಟರ್, ರೆಕಾರ್ಡ್ ಮಾಡಿಟ್ಟ ಪಾಠಗಳು, ವಾರಾಂತ್ಯಕ್ಕೆ ಲೈವ್ ಕ್ಲಾಸು, ಕ್ಯಾಮೆರಾ ಮುಂದೆ ಕೂತು ಬರೆಯುವ ಪರೀಕ್ಷೆ. ಎಚ್‌ಆರ್, ಟೈಮ್ ಆಫೀಸ್ ಅಥವಾ ಯೂನಿಯನ್ ಕೆಲಸದಲ್ಲಿ ಈಗಾಗಲೇ ಇರುವವರಿಗೆ ಕೊಟ್ಟ ಶುಲ್ಕಕ್ಕೆ ಮೋಸವಿಲ್ಲ. ಡಿಗ್ರಿ ಮುಗಿಸಿ ನೇರವಾಗಿ ಬರುವವರಿಗೆ ಇದೊಂದೇ ಸಾಲದು. ಕಲಂಗಳನ್ನು ಚೆನ್ನಾಗಿ ಕಲಿಸುತ್ತಾರೆ. ಆ ಕಲಂಗಳ ಮೇಲೆ ನಿಲ್ಲಬೇಕಾದ ಕಾಗದಪತ್ರ ಬರೆಯುವುದನ್ನು ಕಲಿಸುವುದಿಲ್ಲ.

ಪಾಠಗಳಲ್ಲಿ ಗಟ್ಟಿಯಾಗಿರುವುದು ತೀರ್ಪುಗಳ ಭಾಗ. ಕಾರ್ಮಿಕ ಕಾನೂನಿನ ಕಣ್ಣಲ್ಲಿ ‘ಉದ್ಯಮ’ ಅಂದರೆ ಏನು ಎಂಬುದನ್ನು 1978ರ ಬೆಂಗಳೂರು ನೀರು ಸರಬರಾಜು ಮಂಡಳಿ ವಿರುದ್ಧ ರಾಜಪ್ಪ ಪ್ರಕರಣ ಹಿಡಿದು ವಿವರಿಸಿದ್ದಾರೆ. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇಟ್ಟ ಮೂರು ಪರೀಕ್ಷೆಗಳನ್ನು, ಅಂದರೆ ವ್ಯವಸ್ಥಿತ ಚಟುವಟಿಕೆ, ಮಾಲೀಕ–ನೌಕರರ ಸಹಕಾರ, ಜನರಿಗೆ ಬೇಕಾದ ಸರಕು ಅಥವಾ ಸೇವೆ, ಇವನ್ನು ಆಸ್ಪತ್ರೆ, ಕ್ಲಬ್ಬು, ಕಾಲೇಜಿಗೆ ಒಂದೊಂದಾಗಿ ಹಚ್ಚಿ ತೋರಿಸುತ್ತಾರೆ. ಇಷ್ಟು ತಾಳ್ಮೆಯಿಂದ ಹೇಳಿಕೊಡುವವರು ಕಡಿಮೆ.

ದೊಡ್ಡ ತೊಂದರೆ ಪಠ್ಯ ಹಳೆಯದಾಗಿರುವುದು. 29 ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ವಿಡಿಯೋಗಳು ಮಾತ್ರ ಇನ್ನೂ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ನಿಂತಿವೆ. ಹಳೆಯ ಪ್ರಕರಣಗಳು ನಡೆಯುತ್ತಿರುವುದರಿಂದ ಹಳೆಯ ಕಾಯ್ದೆ ಓದಲೇಬೇಕು, ಸರಿ. ಆದರೆ ಹೊಸದನ್ನು ಪಕ್ಕದಲ್ಲಿಟ್ಟು ಓದದಿದ್ದರೆ ಕೆಲಸದಲ್ಲಿ ಪೆಟ್ಟು ತಿನ್ನುತ್ತೀರಿ. ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಹಿಂದೆ ನೀರು, ವಿದ್ಯುತ್, ರೈಲಿನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಇದ್ದ 14 ದಿನದ ಮುಷ್ಕರ ನೋಟಿಸ್ ಈಗ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಅನ್ವಯ.

ಹಳೆಯ ಪಠ್ಯ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಮೊತ್ತ) ಕ್ವಿಜ್‌ನ ಒಂದು ಲೆಕ್ಕ ಸಾಕು. ತಿಂಗಳ ಬೇಸಿಕ್, ಅಂದರೆ ಮೂಲ ವೇತನ, 10,000, ಮನೆ ಬಾಡಿಗೆ ಭತ್ಯೆ 12,000, ಪ್ರಯಾಣ ಭತ್ಯೆ 8,000. ಸೇವೆ ಹತ್ತು ವರ್ಷ. ಬೇಸಿಕ್ ಅನ್ನು 15/26ರಿಂದ (ತಿಂಗಳ 26 ಕೆಲಸದ ದಿನಗಳಲ್ಲಿ 15 ದಿನದ ಪಾಲು) ಗುಣಿಸಿ, ಹತ್ತರಿಂದ ಗುಣಿಸಿ 57,692 ರೂಪಾಯಿ ಅಂದರೆ ಪೂರ್ತಿ ಅಂಕ. ಹೊಸ ಸಂಹಿತೆಯ ಪ್ರಕಾರ ವೇತನದ ಲೆಕ್ಕದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಬೇಕು. ಇಲ್ಲಿ ಭತ್ಯೆ 20,000, ಮಿತಿ 15,000. ಹೆಚ್ಚಾದ 5,000 ಸೇರಿ ವೇತನ 15,000 ಆಗುತ್ತದೆ. ಗ್ರಾಚ್ಯುಟಿ 86,538. ಕ್ವಿಜ್ ಸರಿ ಎಂದ ಉತ್ತರವನ್ನೇ ಕೆಲಸ ಬಿಟ್ಟವರ ಕೊನೆಯ ಲೆಕ್ಕ ಚುಕ್ತಾಕ್ಕೆ (ಫುಲ್ ಆ್ಯಂಡ್ ಫೈನಲ್ ಸೆಟಲ್‌ಮೆಂಟ್) ಹಾಕಿದರೆ ಒಬ್ಬ ಕಾರ್ಮಿಕನಿಗೆ 28,846 ರೂಪಾಯಿ ಖೋತಾ. ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಸಿಗುವುದನ್ನೂ ಪಾಠದಲ್ಲಿ ಹೇಳಿಲ್ಲ.

ಡೊಮೆಸ್ಟಿಕ್ ಎನ್‌ಕ್ವೈರಿ, ಅಂದರೆ ಕಾರ್ಮಿಕರ ಮೇಲಿನ ಆರೋಪಕ್ಕೆ ಸಂಸ್ಥೆಯೊಳಗೇ ನಡೆಸುವ ವಿಚಾರಣೆ, ಅದರ ಬಗ್ಗೆ ಒಂದೇ ವಿಡಿಯೋ. ಇದು ಅನ್ಯಾಯ, ಏಕೆಂದರೆ ಲೇಬರ್ ಕೋರ್ಟಿನಲ್ಲಿ ಆಡಳಿತ ಮಂಡಳಿ ಮುಗ್ಗರಿಸುವ ಜಾಗವೇ ಇದು. ‘ಅನುಚಿತ ವರ್ತನೆ’ ಎಂದಷ್ಟೇ ಬರೆದ ಚಾರ್ಜ್‌ಶೀಟ್ (ಆರೋಪಪತ್ರ) ನಿಲ್ಲುವುದು ಕಷ್ಟ. ದಿನಾಂಕ, ಪಾಳಿ, ಜಾಗ, ನಡೆದದ್ದು, ಸ್ಟ್ಯಾಂಡಿಂಗ್ ಆರ್ಡರ್‌ನ (ಸಂಸ್ಥೆಯ ಸೇವಾ ನಿಯಮಾವಳಿ) ಯಾವ ಕಲಂ, ಎಲ್ಲವೂ ಇರಬೇಕು. ಘಟನೆಗೆ ಸಾಕ್ಷಿಯಾದವರೇ ವಿಚಾರಣಾಧಿಕಾರಿ ಆಗಕೂಡದು. ಪ್ರತಿ ದಿನದ ನಡಾವಳಿಗೆ ಎರಡೂ ಕಡೆಯ ಸಹಿ ಬೇಕು, ಪಾಟೀ ಸವಾಲಿಗೆ ಅವಕಾಶ ಕೊಟ್ಟದ್ದು ದಾಖಲಾಗಬೇಕು. ಅಮಾನತಿನಲ್ಲಿದ್ದವರಿಗೆ ಮೊದಲ 90 ದಿನ ವೇತನದ ಶೇ. 50 ಜೀವನಾಧಾರ ಭತ್ಯೆ ಕೊಡಬೇಕು. ಕಾರ್ಮಿಕರ ತಪ್ಪಿಲ್ಲದೆ ವಿಚಾರಣೆ ಎಳೆದರೆ ಆಮೇಲೆ ಶೇ. 75. ಕೋರ್ಸಿನ ಮಾದರಿ ಪತ್ರಗಳೆಲ್ಲ ಇಂಗ್ಲಿಷಿನಲ್ಲಿವೆ. ಪೀಣ್ಯದ ಶಾಪ್ ಫ್ಲೋರಿನಲ್ಲಿ ಆ ಚಾರ್ಜ್‌ಶೀಟ್ ಹಿಡಿದವರಿಗೆ ಓದಲು ಬಾರದಿದ್ದರೆ ವಿಚಾರಣೆ ಮೊದಲ ದಿನವೇ ದುರ್ಬಲ. ಕನ್ನಡ ಮಾದರಿಗಳನ್ನು ನೀವೇ ತಯಾರಿಸಿಕೊಳ್ಳಿ.

ಲೈವ್ ಕ್ಲಾಸಿನ ಸಂಧಾನ ಅಭ್ಯಾಸವನ್ನು ಮಾತ್ರ ತಪ್ಪಿಸಬೇಡಿ. ಯೂನಿಯನ್, ಆಡಳಿತ, ಕಾರ್ಮಿಕ ಅಧಿಕಾರಿ ಎಂದು ಗುಂಪು ಮಾಡಿ, ಬೇಡಿಕೆ ಪಟ್ಟಿ ಕೊಟ್ಟು, ಒಪ್ಪಂದದ ಕರಡು ಬರೆಸುತ್ತಾರೆ. ಹಳೆಯ ಕಾಯ್ದೆಯ ಕಲಂ 18(1)ರ ಒಪ್ಪಂದ ಸಹಿ ಹಾಕಿದ ಪಕ್ಷಗಳಿಗಷ್ಟೇ ಸಲ್ಲುತ್ತದೆ, ಸಂಧಾನಾಧಿಕಾರಿ ಮುಂದೆ ಆದ ಕಲಂ 12(3)ರ ಒಪ್ಪಂದ ಯೂನಿಯನ್ ಸದಸ್ಯರಲ್ಲದವರನ್ನೂ ಕಟ್ಟಿಹಾಕುತ್ತದೆ ಎಂಬ ವ್ಯತ್ಯಾಸ ಇಲ್ಲಿ ಮನಸ್ಸಿಗೆ ಇಳಿದಂತೆ ಪುಸ್ತಕದಿಂದ ಇಳಿಯದು.

ಸೇರುವ ಮುನ್ನ ಎರಡು ವಿಷಯ ಖಚಿತ ಮಾಡಿಕೊಳ್ಳಿ. ವಿಶ್ವವಿದ್ಯಾಲಯ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಇದೆಯೇ ಎಂಬುದು ಒಂದು. ಕಾರ್ಖಾನೆಯ ವೆಲ್‌ಫೇರ್ ಆಫೀಸರ್ (ಕಾರ್ಮಿಕ ಕಲ್ಯಾಣಾಧಿಕಾರಿ) ಹುದ್ದೆಯ ಮೇಲೆ ಕಣ್ಣಿದ್ದರೆ, ಆ ಹುದ್ದೆಗೆ ರಾಜ್ಯದ ನಿಯಮಗಳು ಕೇಳುವ ವಿದ್ಯಾರ್ಹತೆಗೆ ಈ ಡಿಪ್ಲೊಮಾ ಸಲ್ಲುತ್ತದೆಯೇ ಎಂಬುದು ಇನ್ನೊಂದು. ಉತ್ತರವನ್ನು ಬರಹದಲ್ಲೇ ಪಡೆಯಿರಿ. ಈ ಹುದ್ದೆ ಕಡ್ಡಾಯವಾಗುವ ಮಿತಿ ಕಾರ್ಖಾನೆ ಕಾಯ್ದೆಯಲ್ಲಿ 500 ಕಾರ್ಮಿಕರಿತ್ತು, ಹೊಸ ಸಂಹಿತೆಯಲ್ಲಿ 250. ಹಾಗಾಗಿ ಕೆಲಸಗಳು ಹೆಚ್ಚಬಹುದು, ಆದರೆ ಅರ್ಹತೆಯ ತಕರಾರು ಎದ್ದರೆ ಅಡ್ಮಿಷನ್ ವಿಭಾಗದವರು ಫೋನಿನಲ್ಲಿ ಕೊಟ್ಟ ಭರವಸೆ ನೆರವಿಗೆ ಬರುವುದಿಲ್ಲ.